ಬೆಳಗಿನ ನಿರ್ಧಾರ ರಾತ್ರಿ ಹನ್ನೊಂದರವರೆಗೆ ಏಕೆ ಉಳಿಯುವುದಿಲ್ಲ?

ಪ್ರಶ್ನೆ: ನನಗೆ 39 ವರ್ಷ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ದಿನವಿಡೀ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವವಳು. ಇಬ್ಬರು ಮಕ್ಕಳು. ಅವರು ಮಲಗಿದ ಮೇಲೆ, ಹನ್ನೊಂದರ ಸುಮಾರಿಗೆ, ಹಾಸಿಗೆಯಲ್ಲಿ ಮೊಬೈಲ್ ಹಿಡಿದರೆ ಒಂದೂವರೆ, ಎರಡು ಗಂಟೆಯವರೆಗೂ ಕೆಳಗಿಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಏಳಲೇಬೇಕು. ರಕ್ತದೊತ್ತಡ ಗಡಿಯಲ್ಲಿದೆ, ಮೊದಲು ನಿದ್ದೆ ಸರಿಪಡಿಸಿಕೊಳ್ಳಿ ಎಂದು ವೈದ್ಯರು ಹೇಳಿದ್ದಾರೆ. ಪ್ರತಿದಿನ ಬೆಳಿಗ್ಗೆ ತಲೆ ಸಿಡಿಯುವಾಗ ‘ಇವತ್ತು ಹತ್ತೂವರೆಗೇ ಮಲಗುತ್ತೇನೆ’ ಎಂದು ಮನಸಾರೆ ನಿಶ್ಚಯಿಸುತ್ತೇನೆ. ರಾತ್ರಿ ಬೇರೆ ಯಾರೋ ಆಗಿಬಿಡುತ್ತೇನೆ. ಆ ವಿಡಿಯೊಗಳಲ್ಲಿ ಅಂಥ ಖುಷಿಯೂ ಇಲ್ಲ. ‘ನಿನಗೆ ಚಿಕ್ಕಂದಿನಿಂದಲೂ ಮನೋಬಲ ಕಡಿಮೆ’ ಎನ್ನುತ್ತಾನೆ ನನ್ನ ಅಣ್ಣ. ಮೊಬೈಲ್, ವಿಡಿಯೊಗಳಂಥ ಸುಖಗಳನ್ನು ಪೂರ್ತಿ ಬಿಡುವ ‘ಡೋಪಮೈನ್ ಉಪವಾಸ’ ಮಾಡಿದರೆ 21 ದಿನಗಳಲ್ಲಿ ಮಿದುಳು ಸರಿಹೋಗುತ್ತದೆ ಎಂದು ಎಲ್ಲೋ ಕೇಳಿ ಅದನ್ನೂ ಹಿಡಿದೆ, ನಾಲ್ಕನೆಯ ದಿನಕ್ಕೆ ಮುರಿಯಿತು. ನನ್ನ ಪತಿ ಸಿಗರೇಟು ಸೇದುತ್ತಾರೆ. ಬಿಡಿ ಎಂದು ಹೇಳುವ ಅರ್ಹತೆಯೂ ನನಗಿಲ್ಲ ಎನಿಸುತ್ತಿದೆ. ಎಲ್ಲ ಗೊತ್ತಿದ್ದೂ ಮನುಷ್ಯರು ತಮಗೆ ತಾವೇ ಏಕೆ ಹಾನಿ ಮಾಡಿಕೊಳ್ಳುತ್ತಾರೆ? ನನ್ನಲ್ಲಿ ಏನಾದರೂ ದೋಷವಿದೆಯೇ?

ಉತ್ತರ: ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಕೊನೆಯ ಪ್ರಶ್ನೆ ಎಂದು ನನಗೆ ತೋರುತ್ತದೆ. ಆದ್ದರಿಂದ ಅದಕ್ಕೇ ಮೊದಲು ಉತ್ತರ. ನೀವು ಬರೆದಿರುವಷ್ಟರಲ್ಲಿ ದೋಷ ಎನ್ನುವಂಥದ್ದು ನನಗೆ ಕಾಣುತ್ತಿಲ್ಲ. ಮನಶ್ಶಾಸ್ತ್ರಜ್ಞೆಯಾಗಿ ನಾನು ಕೇಳುವ ಮಾತುಗಳಲ್ಲಿ ‘ಗೊತ್ತಿದ್ದೂ ಮಾಡುತ್ತೇನೆ’ ಎಂಬುದಕ್ಕಿಂತ ಸಾಮಾನ್ಯವಾದದ್ದು ಬೇರೊಂದಿಲ್ಲ. ಹೇಳುವವರಲ್ಲಿ ವೈದ್ಯರಿದ್ದಾರೆ, ಶಿಕ್ಷಕರಿದ್ದಾರೆ, ಬೇರೆ ಎಲ್ಲ ವಿಷಯಗಳಲ್ಲೂ ಅಚ್ಚುಕಟ್ಟಾಗಿ ಬದುಕುವವರಿದ್ದಾರೆ. ನಿದ್ದೆಗೆಟ್ಟರೆ ಏನೇನಾಗುತ್ತದೆ ಎಂಬ ಪಟ್ಟಿಯನ್ನು ನಿಮ್ಮ ಮುಂದಿಡುವುದಿಲ್ಲ. ನಿಮ್ಮಲ್ಲಿ ತಿಳಿವಳಿಕೆಯ ಕೊರತೆ ಇಲ್ಲ. ಇನ್ನಷ್ಟು ಹೆದರಿಸಿದರೆ ರಾತ್ರಿ ಮರೆಯಬೇಕಾದದ್ದು ಇನ್ನೊಂದು ಹೆಚ್ಚಾಗುತ್ತದೆ, ಅಷ್ಟೇ.

ರಾತ್ರಿ ಬೇರೆ ಯಾರೋ ಆಗಿಬಿಡುತ್ತೇನೆ ಎಂದಿದ್ದೀರಿ. ಆ ಮಾತು ಸತ್ಯಕ್ಕೆ ಬಹಳ ಹತ್ತಿರವಿದೆ. ಬೆಳಿಗ್ಗೆ ಆರಕ್ಕೆ ನೀವು ನಿರ್ಧರಿಸುವಾಗ ರಾತ್ರಿಯ ಮೊಬೈಲೂ ದೂರ, ಮರುದಿನದ ಲವಲವಿಕೆಯೂ ದೂರ. ಎರಡನ್ನೂ ಅಕ್ಕಪಕ್ಕ ಇಟ್ಟು ತೂಗಿದರೆ ನಿದ್ದೆಯೇ ಗೆಲ್ಲುತ್ತದೆ. ರಾತ್ರಿ ಹನ್ನೊಂದಕ್ಕೆ ಮೊಬೈಲು ಕೈಯಲ್ಲೇ ಇದೆ, ಲವಲವಿಕೆ ಇನ್ನೂ ಏಳು ಗಂಟೆಗಳ ಆಚೆ ಇದೆ. ದಿಬ್ಬದ ಬುಡಕ್ಕೆ ಬಂದು ನಿಂತವರಿಗೆ ಅದರ ಹಿಂದಿನ ಬೆಟ್ಟ ಕಾಣುವುದಿಲ್ಲ. ಬೆಟ್ಟ ಕುಗ್ಗಿರುವುದಿಲ್ಲ, ದಿಬ್ಬ ಬೆಳೆದಿರುವುದಿಲ್ಲ, ನಿಂತ ಜಾಗ ಬದಲಾಗಿರುತ್ತದೆ.

ನೀವು ಲೆಕ್ಕದವರಾದ್ದರಿಂದ ಇದನ್ನು ಬಡ್ಡಿದರದಲ್ಲಿ ಹೇಳುವುದು ಸುಲಭ. ನಾಳೆ ಸಿಗುವುದರ ಇಂದಿನ ಬೆಲೆ ಕಟ್ಟಲು ಮನುಷ್ಯರು ಒಂದೇ ಸ್ಥಿರ ದರ ಬಳಸುತ್ತಾರೆ ಎಂಬ ಸೂತ್ರವನ್ನು ಪಾಲ್ ಸ್ಯಾಮ್ಯುಯೆಲ್ಸನ್ 1937ರಲ್ಲಿ ಮುಂದಿಟ್ಟರು. ಅರ್ಥಶಾಸ್ತ್ರ ಬಹುಕಾಲ ಅದನ್ನೇ ನೆಚ್ಚಿಕೊಂಡಿತ್ತು. 1981ರಲ್ಲಿ ರಿಚರ್ಡ್ ಥೇಲರ್ ಜನರನ್ನೇ ಕೇಳಿ ನೋಡಿದರು: ನೀವು 15 ಡಾಲರ್ ಗೆದ್ದಿದ್ದೀರಿ, ಅದನ್ನು ಈಗ ಬಿಟ್ಟು ಕಾಯಬೇಕಾದರೆ ಎಷ್ಟು ಕೊಡಬೇಕು? ಒಂದು ತಿಂಗಳು ಕಾಯಲು 20, ಒಂದು ವರ್ಷಕ್ಕೆ 50, ಹತ್ತು ವರ್ಷಕ್ಕೆ 100 ಎಂಬುದು ನಡುಮಟ್ಟದ ಉತ್ತರ. ಇದನ್ನು ನಿರಂತರ ಚಕ್ರಬಡ್ಡಿಯ ವಾರ್ಷಿಕ ದರಕ್ಕೆ ತಿರುಗಿಸಿದರೆ ಕ್ರಮವಾಗಿ ಶೇ 345, ಶೇ 120, ಶೇ 19 ಬರುತ್ತದೆ. ಅಂದರೆ ನಮ್ಮ ಅವಸರವೆಲ್ಲ ಈ ಕ್ಷಣದ ಸುತ್ತಲೇ ಗುಡ್ಡೆಬಿದ್ದಿದೆ. ದೂರದ ವಿಷಯದಲ್ಲಿ ನಾವೆಲ್ಲರೂ ಬಹುಮಟ್ಟಿಗೆ ತಾಳ್ಮೆಯವರೇ. ಹೊಸ್ತಿಲಿಗೆ ಬಂದಾಗ ದರ ಏಕಾಏಕಿ ಏರುತ್ತದೆ, ಬೆಳಗಿನ ಲೆಕ್ಕ ತಲೆಕೆಳಗಾಗುತ್ತದೆ. ಬೆಳಿಗ್ಗೆ ನೀವು ನಿಮಗೆ ಸುಳ್ಳು ಹೇಳಿಕೊಂಡಿರಲಿಲ್ಲ, ರಾತ್ರಿಯೂ ಹೇಳಿಕೊಳ್ಳುತ್ತಿಲ್ಲ. ಎರಡು ಹೊತ್ತಿಗೆ ಎರಡು ದರ.

ಇದು ಮನುಷ್ಯರಿಗೆ ಮಾತ್ರ ಇರುವ ರೋಗವೂ ಅಲ್ಲ. ಜಾರ್ಜ್ ಏನ್‌ಸ್ಲಿ ಪಾರಿವಾಳಗಳ ಮೇಲೆ ನಡೆಸಿ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಕ್ಷಣ ಸಿಗುವ ಸ್ವಲ್ಪ ಕಾಳು ಮತ್ತು ಕೆಲವು ಸೆಕೆಂಡು ತಡೆದರೆ ಸಿಗುವ ಹೆಚ್ಚು ಕಾಳು ಎರಡರಲ್ಲಿ ಹಕ್ಕಿಗಳು ಸ್ವಲ್ಪದ್ದಕ್ಕೇ ಕುಕ್ಕುತ್ತಿದ್ದವು. ಆ ಆಮಿಷವೇ ಎದುರು ಬಾರದಂತೆ ಮುಂಚಿತವಾಗಿ ತಡೆಯುವ ಇನ್ನೊಂದು ಗುಂಡಿ ಕೊಟ್ಟಾಗ, ಕೆಲವು ಹಕ್ಕಿಗಳು ಅದನ್ನು ಕುಕ್ಕಲು ಕಲಿತವು. ಎಲ್ಲವೂ ಅಲ್ಲ, ಕೆಲವು. ಆಮಿಷ ಕಣ್ಣೆದುರು ಬಂದ ಮೇಲೆ ಅವು ಗೆದ್ದದ್ದಲ್ಲ, ಅದು ಇನ್ನೂ ದೂರವಿದ್ದಾಗ ಗೆದ್ದವು. ನಿಮಗೆ ಹೇಳಬೇಕಾದದ್ದರ ಬಹುಪಾಲು ಇದರಲ್ಲೇ ಇದೆ. ಆದರೆ ಅದಕ್ಕೆ ಮೊದಲು ನಿಮ್ಮ ತಲೆಯ ಮೇಲಿರುವ ಒಂದೆರಡು ಹೊರೆಗಳನ್ನು ಇಳಿಸಬೇಕು.

ಮೊದಲನೆಯದು ನಿಮ್ಮ ಅಣ್ಣನವರ ಮಾತು. ಚಿಕ್ಕಂದಿನ ಮನೋಬಲವೇ ಹಣೆಬರಹ ಎಂಬ ನಂಬಿಕೆಯ ಬೇರು ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆಸಿದ ಮಾರ್ಷ್‌ಮ್ಯಾಲೊ ಪ್ರಯೋಗದಲ್ಲಿದೆ. ಒಂದು ಸಿಹಿಯನ್ನು ತಿನ್ನದೆ ಕಾದರೆ ಎರಡು ಸಿಗುತ್ತವೆ ಎಂದು ಪುಟ್ಟ ಮಕ್ಕಳಿಗೆ ಹೇಳಿದರು. ಹೆಚ್ಚು ಹೊತ್ತು ಕಾದವರು ಮುಂದೆ ಓದಿನಲ್ಲೂ ಮುಂದಿದ್ದರು ಎಂಬ ಫಲಿತಾಂಶ 1990ರಲ್ಲಿ ಬಂತು, ಲೋಕಪ್ರಸಿದ್ಧವಾಯಿತು. ಆದರೆ 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು ಒಂಬೈನೂರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ನೋಡಿದಾಗ ಆ ನಂಟು ಮೊದಲು ಕಂಡದ್ದರ ಅರ್ಧದಷ್ಟೇ ಇತ್ತು. ಮನೆಯ ಹಿನ್ನೆಲೆಯನ್ನೂ ಮಗುವಿನ ಮೊದಲಿನ ಸಾಮರ್ಥ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಅದರಲ್ಲೂ ಮೂರನೇ ಎರಡು ಭಾಗ ಕರಗಿತು. 2013ರ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಮುಖ್ಯ. ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಮೊದಲು ಕೆಲವು ಮಕ್ಕಳಿಗೆ ಕೊಟ್ಟ ಮಾತು ಉಳಿಸಿಕೊಂಡರು, ಕೆಲವರಿಗೆ ತಪ್ಪಿದರು, ಆಮೇಲೆ ಸಿಹಿ ಮುಂದಿಟ್ಟರು. ಕೊಟ್ಟ ಮಾತು ತಪ್ಪಿದ್ದನ್ನು ಕಂಡ ಮಕ್ಕಳು ಸರಾಸರಿ ಮೂರು ನಿಮಿಷ ಕಾದರು, ಉಳಿದವರು ಹನ್ನೆರಡು ನಿಮಿಷ. ಬರುತ್ತದೆ ಎಂಬ ನಂಬಿಕೆ ಇಲ್ಲದ ಕಡೆ ಸಿಕ್ಕಿದ್ದನ್ನು ಕೂಡಲೇ ತೆಗೆದುಕೊಳ್ಳುವುದು ದೌರ್ಬಲ್ಯವಲ್ಲ, ಸರಿಯಾದ ಲೆಕ್ಕ. ಇದನ್ನು ನಿಮ್ಮ ಮನೆಗೂ ಅನ್ವಯಿಸಿ ನೋಡಬೇಕು. ಆ ಮಾತಿಗೆ ಮತ್ತೆ ಬರುತ್ತೇನೆ.

ಮನೋಬಲ ಎಂಬುದು ಸಂಜೆಯ ಹೊತ್ತಿಗೆ ಬರಿದಾಗುವ ದಾಸ್ತಾನು ಎಂಬ ಮಾತನ್ನೂ ನೀವು ಕೇಳಿರಬಹುದು. 1998ರ ಒಂದು ಪ್ರಯೋಗದಿಂದ ಅದು ಬೆಳೆಯಿತು. 2016ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳು, ಎರಡು ಸಾವಿರಕ್ಕೂ ಹೆಚ್ಚು ಜನರೊಂದಿಗೆ, ಅದನ್ನು ಒಟ್ಟಾಗಿ ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಶೂನ್ಯಕ್ಕೆ ಇಳಿಯಿತು. ರಾತ್ರಿ ಕಷ್ಟವಾಗುವುದು ಸುಳ್ಳೆಂದಲ್ಲ. ದಣಿವಿದೆ, ನಿಮ್ಮನ್ನು ಯಾರೂ ನೋಡುತ್ತಿಲ್ಲ, ಮುಂದಿನ ಗಂಟೆಗೆ ಯಾವ ವ್ಯವಸ್ಥೆಯೂ ಇಲ್ಲ, ಮೊಬೈಲು ದಿಂಬಿನ ಪಕ್ಕದಲ್ಲಿದೆ. ಕಾರಣಗಳು ಸಾಕಷ್ಟಿವೆ, ಒಳಗೆ ಏನೋ ಖಾಲಿಯಾಯಿತು ಎಂದು ಕಲ್ಪಿಸಿಕೊಳ್ಳಬೇಕಿಲ್ಲ.

ಇನ್ನು ಡೋಪಮೈನ್. ಅದು ಸುಖದ ರಾಸಾಯನಿಕ, ಅತಿಯಾಗಿ ಬಳಸಿದರೆ ಮಿದುಳು ಕೆಡುತ್ತದೆ, ಉಪವಾಸ ಮಾಡಿದರೆ ತಿಳಿಯಾಗುತ್ತದೆ ಎಂಬ ವಿವರಣೆ ತಪ್ಪು. ನರವಿಜ್ಞಾನಿ ವೊಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮಿದುಳಿನಲ್ಲಿ ಕಂಡದ್ದು ಬೇರೆ. ನಿರೀಕ್ಷಿಸದೆ ಹಣ್ಣಿನ ರಸ ಸಿಕ್ಕಾಗ ಡೋಪಮೈನ್ ನರಕೋಶಗಳು ಚುರುಕಾದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಎಂದು ಮಂಗ ಕಲಿತ ಮೇಲೆ ಆ ಚುರುಕು ರಸದಿಂದ ದೀಪಕ್ಕೆ ಜರುಗಿತು. ದೀಪ ಹೊತ್ತಿಯೂ ರಸ ಬಾರದಿದ್ದರೆ ಕುಸಿಯಿತು. ಅಂದರೆ ಅದು ನಿರೀಕ್ಷೆ ಮತ್ತು ವಾಸ್ತವದ ನಡುವಿನ ಅಂತರವನ್ನು ಅಳೆಯುವ, ಕಲಿಸುವ ಸಂಕೇತ. ಬೇಕೆನ್ನಿಸುವುದಕ್ಕೂ ಹಿಡಿಸುವುದಕ್ಕೂ ಮಿದುಳಿನಲ್ಲಿ ಬೇರೆಬೇರೆ ಏರ್ಪಾಡುಗಳಿವೆ ಎಂದು ಕೆಂಟ್ ಬೆರಿಜ್ ದಶಕಗಳ ಕೆಲಸದಿಂದ ತೋರಿಸಿದ್ದಾರೆ. ಖುಷಿಯೂ ಇಲ್ಲ, ಬಿಡಲೂ ಆಗುತ್ತಿಲ್ಲ ಎಂಬ ನಿಮ್ಮ ಗೋಳಾಟಕ್ಕೆ ಅರ್ಥ ಇಲ್ಲಿದೆ. ಮುಂದಿನ ವಿಡಿಯೊ ಹೇಗಿರುತ್ತದೋ ತಿಳಿಯದು, ಹತ್ತರಲ್ಲಿ ಒಂದು ಚೆನ್ನಾಗಿರುತ್ತದೆ. ಬೆರಳು ಸರಿಯುತ್ತಿರಲು ಅಷ್ಟು ಸಾಕು. ಕೆಲವು ದಿನ ಮೊಬೈಲಿನಿಂದ ದೂರವಿದ್ದರೆ ಒಳ್ಳೆಯದಾಗುವುದು ನಿಜ, ಆದರೆ ಅದು ಸೂಚನೆಗಳು ಕಣ್ಣಿಗೆ ಬೀಳದ್ದರಿಂದ, ಮಿದುಳು ತೊಳೆದಂತಾದ್ದರಿಂದಲ್ಲ. 21 ದಿನದ ಲೆಕ್ಕಕ್ಕೂ ಆಧಾರವಿಲ್ಲ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ತಂಡ ಅಳೆದಾಗ ಹೊಸ ರೂಢಿ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18, ಕೆಲವರಿಗೆ 254 ದಿನ ಎಂಬ ಅಂದಾಜು. ನಾಲ್ಕನೆಯ ದಿನ ಮುರಿದದ್ದು ಸೋಲಲ್ಲ, ಆಗಿನ್ನೂ ಆರಂಭ.

ಈಗ ಹನ್ನೊಂದು ಗಂಟೆಗೆ ಬರೋಣ. ಇಂಥ ತೊಂದರೆಯೊಂದಿಗೆ ಬಂದವರಿಗೆ ನಾನು ಮೊದಲು ಒಂದು ಕೆಲಸ ಕೊಡುತ್ತೇನೆ: ಆ ಹೊತ್ತಿನ ಅರ್ಧ ಗಂಟೆಯನ್ನು ಮಾರನೆಯ ದಿನ ನಿಮಿಷ ನಿಮಿಷವಾಗಿ ಕಾಗದದ ಮೇಲೆ ಬರೆಯಿರಿ. ಕೋಣೆಯ ದೀಪ ಯಾವಾಗ ಆರಿತು, ಮೊಬೈಲ್ ಎಲ್ಲಿತ್ತು, ಕೈ ಏಕೆ ಹೋಯಿತು, ಮೊದಲು ಏನನ್ನು ತೆರೆದಿರಿ. ಬಹಳ ಸಲ ಬರುವ ಸಾಲುಗಳು ಹೀಗಿರುತ್ತವೆ: ‘ಬೆಳಿಗ್ಗೆಗೆ ಅಲಾರಂ ಇಡಲು ಕೈಗೆತ್ತಿಕೊಂಡೆ. ಒಂದು ಸಂದೇಶ ಕಾಣಿಸಿತು. ಅದನ್ನು ನೋಡಿ ಎರಡೇ ನಿಮಿಷ ಎಂದುಕೊಂಡೆ.’ ಅದರ ಕೆಳಗೆ, ಸ್ವಲ್ಪ ಹಿಂಜರಿದು ಬರೆದ ಇನ್ನೊಂದು ಸಾಲು: ‘ಇಡೀ ದಿನದಲ್ಲಿ ಯಾರೂ ನನ್ನಿಂದ ಏನನ್ನೂ ಕೇಳದ ಹೊತ್ತು ಇದೊಂದೇ.’

ನನ್ನ ಅನುಭವದಲ್ಲಿ, ಚಿಕ್ಕ ಮಕ್ಕಳಿರುವ, ಹೊರಗೂ ದುಡಿಯುವ ಹೆಂಗಸರಲ್ಲಿ ಈ ಎರಡನೆಯ ಸಾಲು ಬರದೇ ಇರುವುದು ಅಪರೂಪ. ನೀವು ನಿದ್ದೆ ಕೊಟ್ಟು ಕೊಳ್ಳುತ್ತಿರುವುದು ವಿಡಿಯೊಗಳನ್ನಲ್ಲ, ನಿಮ್ಮದೇ ಆದ ಒಂದು ಗಂಟೆಯನ್ನು. ಆ ಬಯಕೆ ನ್ಯಾಯವಾದದ್ದು, ಬೆಲೆ ಮಾತ್ರ ತೀರಾ ಹೆಚ್ಚು. ಮಕ್ಕಳ ಪ್ರಯೋಗದ ಮಾತನ್ನು ಇಲ್ಲಿಗೆ ತನ್ನಿ. ‘ಇವತ್ತು ಬೇಗ ಮಲಗು, ನಾಳೆ ನಿನ್ನ ಸಮಯ ನಿನಗೆ ಸಿಗುತ್ತದೆ’ ಎಂದು ನಿಮಗೆ ಯಾರಾದರೂ ಭರವಸೆ ಕೊಟ್ಟಿದ್ದಾರೆಯೇ? ಕೊಟ್ಟದ್ದು ಉಳಿದಿದೆಯೇ? ಉಳಿಯದ ಮನೆಯಲ್ಲಿ ರಾತ್ರಿಯ ಆ ಗಂಟೆಯನ್ನು ಬಿಟ್ಟುಕೊಡಲು ಮನಸ್ಸು ಒಪ್ಪದಿರುವುದರಲ್ಲಿ ಅಚ್ಚರಿಯೇನಿದೆ?

ಇನ್ನೊಂದು ಕಾರಣವೂ ಇದೆ, ಲೆಕ್ಕ ಬಲ್ಲವರನ್ನೂ ಅದು ಮೋಸಗೊಳಿಸುತ್ತದೆ. ‘ಎರಡು ಗಂಟೆಯವರೆಗೆ ಎಚ್ಚರವಿರಲೇ?’ ಎಂದು ನಿಮ್ಮನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದಿರಿ. ನಿಮ್ಮೆದುರು ಬರುವುದು ‘ಇನ್ನೊಂದು ನೋಡಲೇ?’ ಎಂಬ ಎರಡು ನಿಮಿಷದ ಪ್ರಶ್ನೆ, ಅದೂ ಐವತ್ತು ಸಲ. ಎರಡು ನಿಮಿಷದ ನಿದ್ದೆ ಹೋದರೆ ಯಾರ ರಕ್ತದೊತ್ತಡವೂ ಏರುವುದಿಲ್ಲ, ಹಾಗಾಗಿ ಪ್ರತಿ ಸಲವೂ ನಿಮ್ಮ ಉತ್ತರ ಆ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ತಪ್ಪಿಲ್ಲದ ನಮೂದುಗಳು, ಮೊತ್ತದಲ್ಲಿ ನಷ್ಟ. ಸಿಗರೇಟಿನಲ್ಲೂ ಹೀಗೆಯೇ, ಸಾಲದಲ್ಲೂ ಹೀಗೆಯೇ. ಇದೊಂದೇ ಸೇದಿದ್ದರಿಂದ ಕಾಯಿಲೆ ಬಂತು ಎಂದು ಬೊಟ್ಟು ಮಾಡಿ ತೋರಿಸಬಹುದಾದ ಸಿಗರೇಟು ಎಂಬುದಿಲ್ಲ. ಆದ್ದರಿಂದ ನಿರ್ಧಾರವನ್ನು ಇಡೀ ರಾತ್ರಿಗೆ ಒಂದೇ ಸಲ ತೆಗೆದುಕೊಳ್ಳುವಂತೆ ವ್ಯವಸ್ಥೆ ಮಾಡಿಕೊಳ್ಳಬೇಕು, ಅದೂ ಹಗಲಿನಲ್ಲಿ. ಹನ್ನೊಂದಕ್ಕೆ ಹಾಸಿಗೆಯಲ್ಲಿ ಮನಸ್ಸಿನೊಂದಿಗೆ ಜಗಳಕ್ಕೆ ನಿಲ್ಲುವುದು ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ.

ನಾನು ಮೊದಲು ಹೇಳುವ ದಾರಿ ಸರಳವಾದದ್ದು: ಮೊಬೈಲು ಮಲಗುವ ಕೋಣೆಗೆ ಬರಬಾರದು. ಚಾರ್ಜರ್ ಬೇರೆ ಕೋಣೆಯಲ್ಲಿರಲಿ, ಅಲಾರಂಗೆ ಬೇರೆ ಗಡಿಯಾರ ಇರಲಿ. ಸ್ವನಿಯಂತ್ರಣದಲ್ಲಿ ಮುಂದಿರುವವರು ಆಮಿಷದೊಂದಿಗೆ ಹೆಚ್ಚು ಹೋರಾಡುವವರಲ್ಲ, ಅವರಿಗೆ ಎದುರಾಗುವ ಹೋರಾಟವೇ ಕಡಿಮೆ. ಜರ್ಮನಿಯಲ್ಲಿ ವಿಲ್ಹೆಲ್ಮ್ ಹಾಫ್‌ಮನ್ ಮತ್ತು ಸಂಗಡಿಗರು ಜನರ ದಿನನಿತ್ಯದ ಬಯಕೆಗಳನ್ನು ಆಯಾ ಹೊತ್ತಿಗೇ ಕೇಳಿ ದಾಖಲಿಸಿದಾಗ ಕಂಡದ್ದು ಇದೇ. ಈ ದಾರಿಯಲ್ಲಿ ತೊಡಕೂ ಇದೆ. ತುರ್ತು ಕರೆ ಬಂದರೆ ಎಂಬ ಆತಂಕವಿದ್ದರೆ ಗಂಟೆಯ ಸದ್ದು ಜೋರಾಗಿಟ್ಟು ಬಾಗಿಲ ಹೊರಗೆ ಇಡಿ. ಮೂರನೆಯ ರಾತ್ರಿಯೋ ನಾಲ್ಕನೆಯ ರಾತ್ರಿಯೋ ಎದ್ದು ಹೋಗಿ ತಂದುಕೊಳ್ಳುವ ಸಾಧ್ಯತೆಯೂ ಇದೆ. ತಂದರೆ ಹಾಸಿಗೆಗೆ ತರಬೇಡಿ, ಅಲ್ಲೇ ನಿಂತು ನೋಡಿ. ಹತ್ತು ಹೆಜ್ಜೆ ಮತ್ತು ನೋಯುವ ಕಾಲು ಆ ಅವಸರದ ದರವನ್ನು ಸಾಕಷ್ಟು ಇಳಿಸುತ್ತವೆ. ಪರದೆಯ ಸಮಯಕ್ಕೆ ಮಿತಿ ಹಾಕುವ ಆ್ಯಪ್‌ಗಳನ್ನು ಬೇಡ ಎನ್ನುವುದಿಲ್ಲ, ಆದರೆ ಅವುಗಳ ‘ಇವತ್ತಿಗೆ ಬಿಡು’ ಎಂಬ ಗುಂಡಿ ಬೆರಳಿನ ಕೆಳಗೇ ಇರುವುದರಿಂದ ನನಗೆ ಅವುಗಳ ಮೇಲೆ ಭರವಸೆ ಕಡಿಮೆ.

ಹಣ ಪಣಕ್ಕಿಡುವ ದಾರಿಯೂ ಉಂಟು. ಫಿಲಿಪ್ಪೀನ್ಸಿನಲ್ಲಿ ಧೂಮಪಾನಿಗಳಿಗೆ ಇಂಥ ಒಂದು ಖಾತೆ ತೆರೆದುಕೊಟ್ಟ ಪ್ರಯೋಗದ ವರದಿ 2010ರಲ್ಲಿ ಬಂತು: ಆರು ತಿಂಗಳು ಹಣ ತುಂಬಬೇಕು, ಕೊನೆಯಲ್ಲಿ ಪರೀಕ್ಷೆಯಲ್ಲಿ ನಿಕೋಟಿನ್ ಕಂಡರೆ ಹಣ ಹೋಯಿತು. ಫಲ ಸಿಕ್ಕಿತು, ಆದರೆ ಈ ಅವಕಾಶ ಸಿಕ್ಕವರಲ್ಲಿ ಹತ್ತಕ್ಕೆ ಒಬ್ಬರಷ್ಟೇ ಸಹಿ ಹಾಕಿದ್ದು. ಗಟ್ಟಿ ಮನಸ್ಸಿನವರಿಗೆ ಇದು ಒಗ್ಗಬಹುದು. ತನ್ನನ್ನು ತಾನು ಹಳಿದುಕೊಳ್ಳುವವರಿಗೆ ಸೋಲಿನ ಮೇಲೆ ದಂಡವೂ ಸೇರಿ ಮುಚ್ಚುಮರೆ ಶುರುವಾಗುತ್ತದೆ. ನಿಮ್ಮ ಪತ್ರದ ಧಾಟಿ ನೋಡಿದರೆ ಸದ್ಯಕ್ಕೆ ನಿಮಗೆ ಇದು ಬೇಡ. ಪತಿಯನ್ನು ಕಾವಲಿಗೆ ನೇಮಿಸಿಕೊಳ್ಳುವುದಂತೂ ಬೇಡವೇ ಬೇಡ. ತಿಂಗಳೊಳಗೆ ಜಗಳದ ವಿಷಯವೇ ಬದಲಾಗಿರುತ್ತದೆ.

ಇವೆಲ್ಲ ಕೈ ಕಟ್ಟುವ ದಾರಿಗಳು. ಆ ಒಂದು ಗಂಟೆಯ ಹಸಿವು ಹಾಗೆಯೇ ಉಳಿದರೆ ಅದು ಮೊಬೈಲನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಆದ್ದರಿಂದ ಆ ಗಂಟೆಯನ್ನು ಹಗಲಿಗೆ, ಇಲ್ಲವೇ ಸಂಜೆಗೆ ತರಬೇಕು. ಇಡೀ ಗಂಟೆ ಆಗದಿದ್ದರೆ ಅರ್ಧ ಗಂಟೆ. ಆ ಹೊತ್ತಿನಲ್ಲಿ ಮಕ್ಕಳ ಹೊಣೆ ಪತಿಯದು, ನೀವು ಬಾಗಿಲು ಹಾಕಿಕೊಂಡು ಅದೇ ವಿಡಿಯೊ ನೋಡಿದರೂ ನನ್ನ ತಕರಾರಿಲ್ಲ. ಇದರ ಅಪಾಯ ಎಂದರೆ ಮನೆಯವರು ಒಂದು ವಾರ ಒಪ್ಪಿ ಆಮೇಲೆ ಮರೆಯುವುದು. ಮರೆತರೆ ನಿಮ್ಮ ರಾತ್ರಿಯೂ ಮೊದಲಿನಂತೆ ಆಗುತ್ತದೆ ಎಂದು ಅವರಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಇದನ್ನು ಹೇಳಲು ಅನೇಕರು ಸಂಕೋಚಪಡುತ್ತಾರೆ, ಒಬ್ಬರೇ ಸಹಿಸಿಕೊಳ್ಳುವುದನ್ನೇ ಮನೋಬಲ ಎಂದುಕೊಳ್ಳುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಒಂದು ರಾತ್ರಿ ತಪ್ಪಿದರೆ ‘ಹೇಗೂ ಕೆಟ್ಟಿತು, ಇನ್ನೇನು’ ಎಂದು ಇಡೀ ವಾರ ಕೈಚೆಲ್ಲುವುದು ತಪ್ಪಿದ್ದಕ್ಕಿಂತ ದೊಡ್ಡ ನಷ್ಟ. 2010ರಲ್ಲಿ ಮೈಕೆಲ್ ವೋಲ್ ಮತ್ತು ಸಂಗಡಿಗರು ವಿದ್ಯಾರ್ಥಿಗಳನ್ನು ಗಮನಿಸಿದಾಗ, ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ್ದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಹಳಿದುಕೊಂಡರೆ ಬುದ್ಧಿ ಬರುತ್ತದೆ ಎಂದು ನಾವು ನಂಬಿದ್ದೇವೆ. ಬರುವುದು ಬೇಸರ, ಬೇಸರ ಕಳೆಯಲು ಕೈಗೆ ಬರುವುದು ಮತ್ತೆ ಅದೇ ಮೊಬೈಲು.

ಪತಿಯ ಸಿಗರೇಟಿನ ವಿಷಯ ಸ್ವಲ್ಪ ಬೇರೆ, ಅದನ್ನು ನಿಮ್ಮ ಮೊಬೈಲಿನ ಸಮಕ್ಕೆ ಇಡಬೇಡಿ. ಎಳೆದ ಹೊಗೆಯ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳು ತಲುಪುತ್ತದೆ, ಫಲ ಅದಕ್ಕಿಂತ ಹತ್ತಿರವಾಗಲು ಸಾಧ್ಯವಿಲ್ಲ. ಜೊತೆಗೆ ದೇಹವೇ ಅದಕ್ಕೆ ಒಗ್ಗಿಹೋಗಿ, ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಚಡಪಡಿಕೆ ಶುರುವಾಗುತ್ತದೆ. ಇದು ಚಿಕಿತ್ಸೆ ಇರುವ ವ್ಯಸನ. ನಿಕೋಟಿನ್ ಚೂಯಿಂಗ್ ಗಮ್, ಚರ್ಮಕ್ಕೆ ಅಂಟಿಸುವ ಪಟ್ಟಿ, ವೈದ್ಯರು ಬರೆದುಕೊಡುವ ವಾರೆನಿಕ್ಲಿನ್‌ನಂಥ ಮಾತ್ರೆಗಳು ಇವೆ. ಔಷಧಿಯ ಜೊತೆ ಆಪ್ತಸಮಾಲೋಚನೆಯೂ ಸೇರಿದರೆ ಬಿಡುವ ಸಾಧ್ಯತೆ ಹೆಚ್ಚು. ಯಾವುದು ಹೊಂದುತ್ತದೆ ಎಂಬುದನ್ನು ಅವರ ಆರೋಗ್ಯ ನೋಡಿ ವೈದ್ಯರು ಹೇಳಬೇಕು. ವಾರೆನ್ ಬಿಕೆಲ್ ತಂಡ 1999ರಲ್ಲಿ ಹೋಲಿಸಿ ನೋಡಿದಾಗ ಸೇದುವವರು ಭವಿಷ್ಯದ ಲಾಭಕ್ಕೆ ಕಡಿಮೆ ಬೆಲೆ ಕಟ್ಟುತ್ತಿದ್ದರು, ಆದರೆ ಸೇದುವುದನ್ನು ಬಿಟ್ಟವರು ಎಂದೂ ಸೇದದವರಂತೆಯೇ ಇದ್ದರು. ಬಿಟ್ಟದ್ದರಿಂದ ಹಾಗಾದರೋ, ಹಾಗಿದ್ದವರೇ ಬಿಟ್ಟರೋ ಎಂಬುದು ಅದರಿಂದ ತೀರ್ಮಾನವಾಗದು. ನಿಮಗೆ ಅರ್ಹತೆ ಇಲ್ಲವೆಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬುದ್ಧಿ ಹೇಳುವ ಬದಲು ‘ಬಿಡಬೇಕು ಎಂದು ನಿಮಗೆ ಯಾವಾಗ ಅನ್ನಿಸುತ್ತದೆ?’ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಇಪ್ಪತ್ತು ವರ್ಷದ ಆಚೆಯ ಕ್ಯಾನ್ಸರ್‌ಗಿಂತ, ಸೇದದೆ ಒಂದು ದಿನ ಕಳೆದರೆ ಹೊಗೆಯಿಂದ ರಕ್ತಕ್ಕೆ ಸೇರಿದ ವಿಷಾನಿಲ ಇಂಗಾಲದ ಮಾನಾಕ್ಸೈಡ್ ಸಹಜ ಮಟ್ಟಕ್ಕೆ ಇಳಿಯುತ್ತದೆ ಎಂಬ ಮಾತು ಕಿವಿಗೆ ಬೇಗ ಬೀಳಬಹುದು. ಅದು ನಾಳೆಯೇ ಸಿಗುವ ಲಾಭ.

ಮೇಲಿನದೆಲ್ಲ ಸಾಕಾಗದ ಸಂದರ್ಭಗಳೂ ಇವೆ. ಮೊಬೈಲ್ ಇಲ್ಲದೆಯೂ ಗಂಟೆಗಟ್ಟಲೆ ನಿದ್ದೆ ಬಾರದಿದ್ದರೆ, ಜೋರು ಗೊರಕೆಯೊಂದಿಗೆ ಹಗಲೆಲ್ಲ ತೂಕಡಿಕೆ ಇದ್ದರೆ, ಎರಡು ವಾರಕ್ಕೂ ಮೀರಿ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಅಥವಾ ಮುಂದೂಡುವುದು, ಗಮನ ಚದುರುವುದು ಬಾಲ್ಯದಿಂದಲೂ ಎಲ್ಲ ಕೆಲಸಗಳಲ್ಲೂ ಇದ್ದರೆ, ಅದು ಅಭ್ಯಾಸದ ಪ್ರಶ್ನೆ ಮಾತ್ರವಲ್ಲ. ನೇರವಾಗಿ ತಜ್ಞರನ್ನು ಕಾಣಿ. ತಲೆ ಸಿಡಿಯುವುದನ್ನೂ ವೈದ್ಯರ ಗಮನಕ್ಕೆ ತನ್ನಿ. ನಿದ್ದೆ ಸರಿಹೋಗಲಿ ಎಂದು ಕಾಯುತ್ತ ರಕ್ತದೊತ್ತಡದ ತಪಾಸಣೆಯನ್ನು ಮುಂದೂಡಬೇಡಿ.

ಈ ವಾರಕ್ಕೆ ಎರಡೇ ಕೆಲಸ ಇಟ್ಟುಕೊಳ್ಳಿ. ಮೊದಲು ಪತಿಯೊಂದಿಗೆ ಕುಳಿತು ಸಂಜೆಯ ನಿಮ್ಮ ಅರ್ಧ ಗಂಟೆ ಯಾವುದು ಎಂದು ಗೊತ್ತುಮಾಡಿಕೊಳ್ಳಿ. ಆ ಅರ್ಧ ಗಂಟೆ ಎರಡು ಮೂರು ದಿನ ನಿಜವಾಗಿ ಸಿಕ್ಕ ಮೇಲೆ, ಚಾರ್ಜರನ್ನು ಆಚೆ ಕೋಣೆಗೆ ಸಾಗಿಸಿ. ಈ ಕ್ರಮ ತಿರುವುಮುರುವು ಆಗದಿರಲಿ. ಮಲಗುವ ಹೊತ್ತನ್ನು ಒಮ್ಮೆಗೇ ಹತ್ತೂವರೆಗೆ ಎಳೆಯಬೇಡಿ, ವಾರಕ್ಕೆ ಅರ್ಧ ಗಂಟೆಯಷ್ಟು ಹಿಂದಕ್ಕೆ ತಂದರೆ ಸಾಕು. ಒಂದು ತಿಂಗಳ ಬಳಿಕ ರಾತ್ರಿಗಳು ಹೇಗಿವೆ ಎಂದು ಬರೆಯಿರಿ, ಕೆಟ್ಟ ರಾತ್ರಿಗಳನ್ನೂ ಸೇರಿಸಿ.